ನಂಜುಂಡನ ಶುಕ್ರವಾರಗಳು

ಮೊದಲಿಗೆ ಕ್ಷಮೆ ಕೋರುತ್ತೇನೆ. ಕಳೆದ ವಾರ ನಂಜುಂಡನ ಕುರಿತು ಈ ಅಂಕಣದಲ್ಲಿ ಬರೆದಾಗ ದಿನಗಳನ್ನು ತಪ್ಪಾಗಿ ನಮೂದಿಸಿದ್ದೆ. ಆತನ ಅಕ್ಕನ ಮಗಳು ಓದಿ, ದೂರವಾಣಿಯಲ್ಲಿ ತಿದ್ದಿದರು.

ಆದ್ದರಿಂದ ನಡೆದದ್ದನ್ನು ಮತ್ತೊಮ್ಮೆ ಬರೆಯುತ್ತಿದ್ದೇನೆ. ಆತನ ಹೆಸರು ಮಾತ್ರ ನಿಜವಾದುದಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಸೆರೆಯಿಂದ ಷರತ್ತಿನ ಮೇಲೆ ಹೊರಬಂದವರನ್ನು ಗಮನಿಸುವ ಪರಿವೀಕ್ಷಣಾಧಿಕಾರಿಯಾಗಿ ನಾನು ರಾಜಾಜಿನಗರದಲ್ಲಿದ್ದೆ.

ನಂಜುಂಡ ಕಾರ್ಖಾನೆಯಲ್ಲಿ, ತನ್ನನ್ನು ನೋಡಿ ನಕ್ಕನೆಂಬ ಕಾರಣಕ್ಕೆ, ಜೊತೆಗಾರನೊಬ್ಬನನ್ನು ಸಲಾಕೆಯಿಂದ ಸಾಯುವಂತೆ ಹೊಡೆದಿದ್ದ. ಹೊರಬಂದ ಮೇಲೆ ಅಕ್ಕ ಗೌರಮ್ಮನವರ ಮನೆಯಲ್ಲಿದ್ದ.

ಮಾನಸಿಕ ಆಸ್ಪತ್ರೆಯ ವೈದ್ಯರು ಇದು ಹುಚ್ಚಲ್ಲ, ಸ್ವಭಾವವೇ ಹೀಗೆ ಕಟ್ಟಿಕೊಂಡಿದೆ, ಔಷಧಿಯಿಂದ ಹೋಗುವಂಥದಲ್ಲ ಎಂದಿದ್ದರು. ಹೇಳಿದ್ದನ್ನು ಹೇಳಿದಂತೆಯೇ ನಡೆಸಿಕೊಡಿ ಎಂಬುದಷ್ಟೇ ಅವರ ಸಲಹೆ.

ಹಾಗೆಯೇ ನಡೆಸಿದೆ. ಪ್ರತಿ ಶುಕ್ರವಾರ ನಾಲ್ಕು ಗಂಟೆ, ಅದೇ ಬೆಂಚು, ಅದೇ ಪ್ರಶ್ನೆ: "ಈ ವಾರ ಯಾರ ಮೇಲೆ ಕೋಪ ಬಂತು?"

'ನೋಡೋಣ' ಎಂಬ ಮಾತನ್ನು ಆತನೆದುರು ನಾನು ಎಂದೂ ಆಡಲಿಲ್ಲ. ಏಕವಚನದಲ್ಲಿ ಕರೆಯಲೂ ಇಲ್ಲ.

ಒಂದು ಶುಕ್ರವಾರ ನನಗೆ ನ್ಯಾಯಾಲಯದಲ್ಲಿ ತಡವಾಗುವುದಿತ್ತು. ಕಾಯಬೇಕೆಂದು ಹಿಂದಿನ ವಾರವೇ ಆತನಿಗೆ ತಿಳಿಸಿದ್ದೆ.

ಆದರೆ ಕಛೇರಿಯ ಕಿರಿಯ ಸಹೋದ್ಯೋಗಿ, ಮೃದು ಮನಸ್ಸಿನವರು, ಬೆಂಚಿನ ಮೇಲೆ ತೆಪ್ಪಗೆ ಕುಳಿತವನನ್ನು ಕಂಡು ಮರುಗಿದರು. ಈಗ ಸುಧಾರಿಸಿದ್ದೀಯಲ್ಲ, ಇನ್ನು ತಿಂಗಳಿಗೊಮ್ಮೆ ಬಂದರೆ ಸಾಕು ಎಂದು ಕಳುಹಿಸಿಬಿಟ್ಟರು.

ನಾನು ಕಛೇರಿಗೆ ಹಿಂದಿರುಗುವಷ್ಟರಲ್ಲಿ ಗೌರಮ್ಮನವರು ಏದುಸಿರು ಬಿಡುತ್ತ ನಿಂತಿದ್ದಾರೆ. ನಂಜುಂಡ ಸಲಾಕೆ ಹಿಡಿದು ಮನೆಯ ಹೊಸಿಲ ಮೇಲೆ ಕುಳಿತಿದ್ದಾನೆ, ಯಾರನ್ನೂ ಒಳಗೆ ಬಿಡುತ್ತಿಲ್ಲ. ಶಾಲೆಯಿಂದ ಬಂದ ಮಗಳು ಒಳಗೇ ಇದ್ದಾಳೆ.

"ಪೊಲೀಸ್ನೋರು ಬಂದ್ರೆ ಅವ್ನು ಮತ್ತೆ ಒಳಗೇ ಸಾರ್... ಬರ್ದಿದ್ರೆ ನನ್ ಮಗೂ ಗತಿ ಏನು?"

ಠಾಣೆಗೆ ತಿಳಿಸಿದೆ. ಬಂದ ಇಬ್ಬರು ಪೇದೆಗಳನ್ನು ಬೀದಿಯ ತಿರುವಿನಲ್ಲಿ ನಿಲ್ಲಿಸಿ, ನಾನೊಬ್ಬನೇ ಹೋದೆ.

ಹೊಸಿಲಿಗೆ ನಾಲ್ಕು ಮಾರು ದೂರದಲ್ಲಿ ನಿಂತು, ಎಂದಿನ ಧ್ವನಿಯಲ್ಲಿ ಎಂದಿನ ಪ್ರಶ್ನೆಯನ್ನೇ ಕೇಳುತ್ತೇನೆ. ಈ ವಾರ ಯಾರ ಮೇಲೆ ಕೋಪ ಬಂತು?

ಆತ ತಲೆಯೆತ್ತುವುದಿಲ್ಲ.

"ನಿಮ್ ಮೇಲೇ ಸಾರ್."

ಕಾರಣ ಕೇಳಿದೆ.

"ಕಾಯಿರಿ ಅಂದ್ರಿ, ಕಾಯ್ತಾ ಇದ್ದೆ. ಬರ್ಬೇಡ ಹೋಗು ಅಂತ ಇನ್ನೊಬ್ರ ಕೈಲಿ ಹೇಳಿಸಿದ್ರಿ. ಬೈದಿದ್ರೆ ಪರ್ವಾಗಿರ್ಲಿಲ್ಲ... ಕೈಬಿಟ್ಬಿಟ್ರಲ್ಲ."

ಸಹೋದ್ಯೋಗಿಯ ಕರುಣೆ ಈ ಮನುಷ್ಯನಿಗೆ ಹೊರದಬ್ಬಿದಂತೆ ಕೇಳಿಸಿತ್ತು.

ನಾನು ಸಮಾಧಾನ ಹೇಳಲಿಲ್ಲ. "ಹಾಗೆ ಹೇಳಿದ್ದು ನಾನಲ್ಲ. ಮುಂದಿನ ಶುಕ್ರವಾರ ನಾಲ್ಕು ಗಂಟೆಗೆ ಬರಬೇಕು. ತಡವಾದರೆ ನ್ಯಾಯಾಲಯಕ್ಕೆ ವರದಿ ಹೋಗುತ್ತದೆ. ಇವತ್ತಿನದೂ ಹೋಗುತ್ತದೆ, ನಡೆದದ್ದು ನಡೆದ ಹಾಗೆ."

ಆತ ಸಲಾಕೆಯನ್ನು ನನ್ನ ಕಡೆಗೆ ಉರುಳಿಸಿ, ಹೊಸಿಲಿನಿಂದ ಪಕ್ಕಕ್ಕೆ ಸರಿದ. ಮಗು ಓಡಿಬಂದು ತಾಯಿಯನ್ನು ತಬ್ಬಿಕೊಂಡಿತು.

"ನಾಲ್ಕಕ್ಕೆ ತಾನೆ ಸಾರ್?" ಎಂದ.

ವರದಿ ಓದಿದ ನ್ಯಾಯಾಧೀಶರು ಎಚ್ಚರಿಕೆ ಕೊಟ್ಟು, ಪರಿವೀಕ್ಷಣೆಯ ಅವಧಿಯನ್ನು ಒಂದು ವರ್ಷ ಹೆಚ್ಚಿಸಿದರು. ಆ ಹೆಚ್ಚಳಕ್ಕೆ ನಂಜುಂಡ ನನಗೆ ಕೈಮುಗಿದ.

ಇನ್ನು ತಿದ್ದುಪಡಿಗಳು.

ಬಿಡುಗಡೆ: ತುರ್ತು ಪರಿಸ್ಥಿತಿಯ ನಡುವೆ ಎಂದಿದ್ದೆ, ಅದು ಮುಗಿದ ಮೇಲೆ.

ಸಲಾಕೆಯ ಸಂಜೆ: ಶನಿವಾರವಲ್ಲ, ಶುಕ್ರವಾರವೇ.

ಆತ ಕೊನೆಯ ಬಾರಿ ಕಛೇರಿಗೆ ಬಂದದ್ದು: ಅವಧಿ ಮುಗಿದ ಶುಕ್ರವಾರ ಎಂದಿದ್ದೆ. ಅಲ್ಲ, ಅದರ ಮರು ಶುಕ್ರವಾರವೂ ಅಕ್ಕನ ಮಗಳ ಕೈಹಿಡಿದು ಬಂದಿದ್ದನಂತೆ. ನಾನಿರಲಿಲ್ಲ. ಈ ವಾರ ಯಾರ ಮೇಲೂ ಕೋಪ ಬರಲಿಲ್ಲವೆಂದು ಜವಾನನಿಗೆ ಹೇಳಿ ಹೋದನಂತೆ.