ಹತ್ತರ ದಾವಣಿ

ಹನ್ನೊಂದರಲ್ಲಿ ನಾಲ್ಕು ಕಳೆ ಎಂದರೆ ಚೇತನನಿಗೆ ಅಳು ಬರುತ್ತಿತ್ತು. ಬಿಡಿ ಸ್ಥಾನದಲ್ಲಿ ಇರುವುದು ಒಂದೇ. ಅದರಲ್ಲಿ ನಾಲ್ಕು ಹೋಗುವುದು ಹೇಗೆ? ಅದಕ್ಕೆ ಅವನು ಲೆಕ್ಕವನ್ನೇ ತಿರುಗಿಸಿ, ನಾಲ್ಕರಲ್ಲಿ ಒಂದು ಕಳೆದು, ಹದಿಮೂರು ಎಂದು ಬರೆಯುತ್ತಿದ್ದ.

"ಕಳದ ಮ್ಯಾಲೆ ಹೆಚ್ಚಾಗತೈತೇನೋ?" ಎಂದು ಸುಹಾಸಿನಿ ಕೇಳಿದರೆ, "ಒಮ್ಮೊಮ್ಮೆ ಆಗಬೌದ್ರಿ ಅಕ್ಕೋರ," ಎನ್ನುತ್ತಿದ್ದ.

ಖಾನಾಪುರದಿಂದ ಒಳಗೆ, ಕಾಡಿನ ಅಂಚಿನ ಆ ಹಳ್ಳಿಯ ಕನ್ನಡ ಶಾಲೆಗೆ ಸುಹಾಸಿನಿ ಅತಿಥಿ ಶಿಕ್ಷಕಿ. ಕಾಯಂ ಮಾಸ್ತರರು ವರ್ಗವಾಗಿ ಹೋದ ಮೇಲೆ ಆ ಖುರ್ಚಿಗೆ ಯಾರೂ ಬರಲಿಲ್ಲ. ಒಂದರಿಂದ ಐದನೇ ತರಗತಿಯವರೆಗೆ ಅವಳೇ ಎಲ್ಲ. ಹುಟ್ಟಿ ಬೆಳೆದದ್ದು ಬೆಳಗಾವಿಯ ಖಾಸಬಾಗದಲ್ಲಿ. ತಂದೆ ಶ್ರೀಪಾಲ ನೇಕಾರರಿಗೆ ನೂಲು ಮಾರುವ ಅಂಗಡಿ ಮುಚ್ಚಿದ ವರ್ಷವೇ ಅವಳ ಡಿ.ಎಡ್. ಮುಗಿಯಿತು. ಆಮೇಲೆ ಮಳೆಗಾಲ ಬಂದಾಗ ಕೆಲಸ, ಬೇಸಿಗೆ ಬಂದಾಗ ಮನೆ. ಕಾಯಂ ಹುದ್ದೆಗೆ ಅರ್ಜಿ ಹಾಕುವ ವಯಸ್ಸು ಹಾಗೆಯೇ ದಾಟಿಹೋಯಿತು. ಸಂಜೆ ಬಸ್ಸು ತಡವಾದರೆ ತಾಯಿ ಅಕ್ಕಾತಾಯಿ ತಾಟು ಮುಚ್ಚಿಟ್ಟು ಕಿಟಕಿಯಲ್ಲಿ ನಿಲ್ಲುತ್ತಿದ್ದಳು. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಅಲ್ಲಿ ಯಾರೂ ಉಣ್ಣುವುದಿಲ್ಲ. ಮೋಡದ ಹಿಂದೆ ಸೂರ್ಯ ಇದ್ದಾನೋ ಇಲ್ಲವೋ ತಿಳಿಯದೆ, ತಾಯಿ ಮಗಳಿಬ್ಬರೂ ಹಸಿದೇ ಮಲಗಿದ ದಿನಗಳಿದ್ದವು.

ಶಾಲೆಯಲ್ಲಿದ್ದದ್ದು ಹನ್ನೊಂದು ಮಕ್ಕಳು. ಹತ್ತಕ್ಕಿಂತ ಕಡಿಮೆಯಾದರೆ ಹಳ್ಳದಾಚೆಯ ಊರಿನ ಶಾಲೆಗೆ ಸೇರಿಸಿಬಿಡುತ್ತೇವೆ ಎಂದು ಖಾನಾಪುರದಿಂದ ಬಂದ ಸಾಹೇಬರು ಹೇಳಿಹೋಗಿದ್ದರು. ಹಳ್ಳ ತುಂಬಿದಾಗ ಸಣ್ಣ ಹುಡುಗಿಯರನ್ನು ಯಾರೂ ಆಚೆ ಕಳಿಸುವುದಿಲ್ಲ. ಅವರು ಮನೆಯಲ್ಲೇ ಉಳಿಯುತ್ತಾರೆ, ಆಮೇಲೆ ಉಳಿದೇಬಿಡುತ್ತಾರೆ. ಸುಹಾಸಿನಿಗೆ ಅದು ಗೊತ್ತಿತ್ತು.

ಕಳೆಯುವ ಲೆಕ್ಕಕ್ಕೆ ಅವಳು ಬೆಂಕಿಕಡ್ಡಿಗಳ ಕಟ್ಟು ಮಾಡಿ ನೋಡಿದಳು. ಕಟ್ಟು ಬಿಚ್ಚಿದರೆ ಕಡ್ಡಿಗಳು ಉರುಳಿದವೇ ಹೊರತು ಚೇತನನ ತಲೆಗೆ ಏನೂ ಇಳಿಯಲಿಲ್ಲ. ಮಕ್ಕಳೇ ಕಡ್ಡಿಗಳಾದರೆ ಎಂದು ಹೊಳೆದದ್ದು ಆಗ. ಹತ್ತು ಮಕ್ಕಳನ್ನು ಒಂದೇ ಹಗ್ಗದಲ್ಲಿ ನಿಲ್ಲಿಸಿದರೆ ಅದು ಒಂದು ಹತ್ತು. ಹೊರಗೆ ಉಳಿದವನು ಬಿಡಿ.

"ಕಾಶವ್ವಾ, ಉದ್ದಂದು ಹಗ್ಗ ಸಿಕ್ಕೀತೇನ?" ಎಂದು ಬಿಸಿಯೂಟ ಮಾಡುವ ಕಾಶವ್ವನನ್ನು ಕೇಳಿದಳು.

ಕಾಶವ್ವ ತನ್ನ ದನದ ಮನೆಯಿಂದ ದಾವಣಿ ತಂದಳು. ಸಾಲಾಗಿ ದನ ಕಟ್ಟುವ ಹಗ್ಗ, ಅಳೆದಿಟ್ಟಂತೆ ಕುಣಿಕೆಗಳು. ಕೊಡುವಾಗ ಕೈ ಹಿಂದೆಗೆದಳು. "ಇದು ದನದ್ದೈತ್ರೀ ಅಕ್ಕೋರ."

"ತೊಳದ್ರಾತು ಬಿಡವಾ," ಎಂದಳು ಸುಹಾಸಿನಿ. ಮನೆಯಲ್ಲಿ ಎಂದೂ ದನ ಕಟ್ಟದವಳಿಗೆ ತಿಳಿದದ್ದು ಸಗಣಿಯ ವಾಸನೆ ಮಾತ್ರ.

ಆಟ ನಡೆಯಿತು. ಹತ್ತು ಮಕ್ಕಳ ಸೊಂಟಕ್ಕೆ ಕುಣಿಕೆ. ಚೇತನ ಒಬ್ಬನೇ ಬಿಡಿ. ಅಡುಗೆ ಕೋಣೆಯಿಂದ ಕಾಶವ್ವ, "ನಾಕ ಮಂದಿ ಊಟಕ್ಕ ಬರ್ರೋ!" ಎಂದು ಕೂಗಿದಳು. ಚೇತನ ಒಂದು ಹೆಜ್ಜೆ ಇಟ್ಟು ಹಿಂದೆ ನೋಡಿದ. ಇನ್ನೂ ಮೂವರು ಬೇಕು. ಎಲ್ಲಿಂದ? ತಾನೇ ಓಡಿಹೋಗಿ ಗಂಟು ಬಿಚ್ಚಿದ. "ಸುಟ್ಲಾ!" ಎಂದು ಮಕ್ಕಳೆಲ್ಲ ಮನೆಯ ಮರಾಠಿಯಲ್ಲಿ ಕೂಗಿಕೊಂಡರು, ಬಿಡುಗಡೆಯಾಯಿತೆಂದು. ನಾಲ್ವರು ಹೋದರು. ಚೇತನ ಊಟದ ಬಾಗಿಲಲ್ಲಿ ನಿಂತು, ಉಳಿದವರನ್ನು ಎಣಿಸಿ, "ಏಳ ರೀ ಅಕ್ಕೋರ!" ಎಂದ. ಆ ಮಧ್ಯಾಹ್ನ ಯಾರೂ ಹೇಳದಿದ್ದರೂ ಪಾಟಿ ತುಂಬ ಕಳೆಯುವ ಲೆಕ್ಕ ಮಾಡಿದ.

ರಸ್ತೆಯಲ್ಲಿ ಹೋಗುತ್ತಿದ್ದ ಯಾರೋ ಮೊಬೈಲಿನಲ್ಲಿ ಚಿತ್ರ ತೆಗೆದಿದ್ದರು. ಅದರಲ್ಲಿ ಲೆಕ್ಕವಿರಲಿಲ್ಲ, ನಗುವೂ ಕೇಳುತ್ತಿರಲಿಲ್ಲ. ದಾವಣಿ ಇತ್ತು, ಮಕ್ಕಳಿದ್ದರು. ಸಂಜೆಯ ಹೊತ್ತಿಗೆ ಊರಿನವರ ವಾಟ್ಸಾಪಿನಲ್ಲೆಲ್ಲ ಒಂದೇ ಮಾತು: ಸಾಲ್ಯಾಗ ಹುಡುಗರನ್ನ ದನಾ ಕಟ್ಟಿದಂಗ ಕಟ್ಯಾರ.

ಸೋಮವಾರ ಚೇತನ ಬರಲಿಲ್ಲ. ಅವನ ದೊಡ್ಡಪ್ಪನ ಇಬ್ಬರು ಮಕ್ಕಳೂ ಬರಲಿಲ್ಲ. ಮೂವರೂ ಇಂಗ್ಲಿಷ್ ಶಾಲೆಯ ವ್ಯಾನು ಹತ್ತಿದ್ದರು. ಎಂಟು ಮಕ್ಕಳು ಉಳಿದರು.

ಅವತ್ತೇ ಶಾಲೆ ಬಿಟ್ಟ ಮೇಲೆ ಸುಹಾಸಿನಿ ಚೇತನನ ಮನೆಗೆ ಹೋದಳು. "ಬರ್ರಿ ಅಕ್ಕೋರ, ಕುಂದರ್ರಿ," ಎಂದು ಅವನ ಅಪ್ಪ ತಮ್ಮಣ್ಣ ಚಾಪೆ ಹಾಸಿದ. ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಅದು ಆಟ ರೀ ತಮ್ಮಣ್ಣಾರ. ಹತ್ತು ಅಂದ್ರ ಏನಂತ ತಿಳೀಲಿ ಅಂತ..."

"ಗೊತ್ತೈತ್ರಿ. ಮನ್ಯಾಗೂ ಅದ ಆಟ ಈಗ. ನಮ್ಮವ್ವನ ಸೆರಗ ಜಗ್ಗಿ ಸುಟ್ಲಾ ಅಂತಾನ."

"ಮತ್ತ ಕಳಿಸ್ರಿ."

ತಮ್ಮಣ್ಣ ಚಾಪೆಯ ತುದಿಗೆ ಕುಳಿತ. ಆಮೇಲೆ ಹೇಳಿದ: "ನಮ್ಮಪ್ಪ ಮಂದಿ ದನಾ ಕಾದಾಂವ. ನಾನೂ ಕಾದೆ. ಇವಗ ದಾವಣಿ ಕೆಲಸ ಬ್ಯಾಡಂತ ಸಾಲಿಗಿ ಹಾಕಿದ್ದೆ. ನಿನ್ನೆ ಸಂತ್ಯಾಗ ಒಬ್ಬಾಂವ ಕೇಳಿದ, ತಮ್ಮಣ್ಣಾ, ನಿನ್ನ ಕರಾ ಎಷ್ಟಕ್ಕ ಕೊಡ್ತಿ ಅಂತ. ಎಲ್ಲಾರೂ ನಕ್ರು."

"ಸೊಂಟಕ್ಕ ಕಟ್ಟಿದ್ದು ರೀ, ಕುತ್ತಿಗಿಗಲ್ಲ," ಎಂದಳು ಸುಹಾಸಿನಿ. ಹೇಳಿದ ಮೇಲೆ ಅದು ಎಷ್ಟು ಬಡ ಮಾತು ಎಂದು ಅವಳಿಗೇ ತಿಳಿಯಿತು.

"ನಗಾವರಿಗೆ ಎಲ್ಲಾ ಒಂದ ರೀ."

ಒಳಗಿನಿಂದ ಚಹಾ ಬಂತು. ಅವಳು ಮುಟ್ಟದೆ ಕುಳಿತದ್ದನ್ನು ನೋಡಿ ತಮ್ಮಣ್ಣ ಹೊರಗೆ ಹೋಗಿ ಆಕಾಶ ನೋಡಿ ಬಂದ. "ಕುಡೀರಿ. ಹೊತ್ತು ಇನ್ನೂ ಮುಣಗಿಲ್ಲ. ನಿಮ್ಮ ನೇಮ ನಮಗ ಗೊತ್ತೈತಿ."

ಸುಹಾಸಿನಿ ಕುಡಿದಳು. ಅವಳ ನೇಮ ಅವನಿಗೆ ಗೊತ್ತಿತ್ತು. ಅವನದು ಅವಳಿಗೆ ಗೊತ್ತಿರಲಿಲ್ಲ. ಮತ್ತೆ ಕೇಳದೆ ಎದ್ದಳು.

ಸಾಹೇಬರು ಎಣಿಸಲು ಬರುವ ದಿನ ಅವಳು ಖಾಸಬಾಗದ ಮಗ್ಗದವರಿಂದ ಉದ್ದನೆಯ ಸೀರೆಯಂಚು ಕೇಳಿ ತಂದಳು. ಕೆಂಪು, ಮೆತ್ತಗೆ, ಯಾರ ಕೊರಳ ನೆನಪೂ ಇಲ್ಲದ್ದು. ಎಂಟು ಮಕ್ಕಳು ಅದನ್ನು ಸೊಂಟಕ್ಕೆ ಕಟ್ಟಿಸಿಕೊಂಡು ಸಾಲಾಗಿ ನಿಂತರು.

"ಹತ್ತು ಆಗೂದಿಲ್ರಿ ಅಕ್ಕೋರ," ಎಂದಳು ಎರಡನೇ ತರಗತಿಯ ಐಶ್ವರ್ಯಾ.

ಕಾಶವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದು ಸಾಲಿನ ತುದಿಗೆ ನಿಂತಳು. ಇನ್ನೊಂದು ತುದಿಗೆ ಸುಹಾಸಿನಿ ನಿಂತಳು.

"ಈಗ ಹತ್ತು!" ಐಶ್ವರ್ಯಾ ಕುಣಿದಳು. "ಸಾಹೇಬರಿಗೆ ಹತ್ತು ಅಂತ ಹೇಳೂಣ್ರಿ!"

"ನನ್ನ ಹೆಸರೂ ಹಚ್ರಿ ಅಕ್ಕೋರ," ಎಂದು ಕಾಶವ್ವ ನಕ್ಕಳು. "ನಾಪಾಸಾದ್ರೂ ಅಡಗಿ ಅಂತೂ ಆಗತೈತಿ."

ರಸ್ತೆಯ ತಿರುವಿನಲ್ಲಿ ಜೀಪಿನ ಸದ್ದು ಕೇಳಿಸಿತು. ಕಾಶವ್ವನ ನಗು ನಿಂತಿತು. ಸುಹಾಸಿನಿ ಅಂಚಿನ ಗಂಟಿಗೆ ಕೈ ಹಾಕಿದಳು.

"ಹತ್ತರಾಗ ಎರಡು ಕಳದ್ರ?"

"ಸುಟ್ಲಾ!" ಎಂದು ಮಕ್ಕಳು ಕೂಗಿದರು. ಕಾಶವ್ವ ಒಂದು ಕಡೆ, ಸುಹಾಸಿನಿ ಇನ್ನೊಂದು ಕಡೆ, ಇಬ್ಬರೂ ಸಾಲಿನಿಂದ ಆಚೆ ಬಂದರು.

"ಎಂಟು!"

ಒಬ್ಬರೂ ತಪ್ಪಲಿಲ್ಲ. ಬಾಗಿಲಿಗೆ ಬಂದ ಸಾಹೇಬರಿಗೆ ಎಣಿಸುವ ಕೆಲಸ ಉಳಿದಿರಲಿಲ್ಲ.