ಕಲ್ಯಾಣದುರ್ಗದ ಒಬ್ಬಳೇ ಯೂಸರ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಲ್ಯಾಣದುರ್ಗದ ಹೊಲಿಗೆ ಕೋಣೆ ಮುಚ್ಚಿದ್ದು ನನ್ನ ಬಾಯಿಂದ. ಮುಚ್ಚಿ ಅಂದವರು ಬೇರೆ, ನಿಜ. ಆದರೆ ಮುಚ್ಚಬೇಡಿ ಎಂಬ ಒಂದೇ ಒಂದು ಮಾತನ್ನು ಮೇಲಿನವರಿಗೆ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮುಟ್ಟಿಸಿದೆ ಕೂಡ. ಎಷ್ಟು ಚೆನ್ನಾಗಿ ಮುಟ್ಟಿಸಿದೆ ಅಂದರೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನನಗೆ ಬರುವ ವಿದ್ಯೆ ಒಂದೇ, ಬೇರೆಯವರ ದನಿ ತೆಗೆಯುವುದು. ಪರಿಗಿಯ ಶಾಲೆಯಲ್ಲಿ ಓದುವಾಗಲೇ ಹೆಡ್‌ಮಾಸ್ತರರ ಕೆಮ್ಮಿನಿಂದ ಹಿಡಿದು ಹಿಂದೂಪುರ ಬಸ್ಸಿನ ಕಂಡಕ್ಟರನ ಮೂಗಿನ ದನಿಯವರೆಗೆ ಎಲ್ಲವನ್ನೂ ಕದ್ದಿಟ್ಟುಕೊಂಡಿದ್ದೆ. ಹುಣಸೆ ಮಂಡಿಯಲ್ಲಿ ಹರಾಜು ಕೂಗುವವನ ಧಾಟಿಯಲ್ಲಿ ಮುದ್ದೆಗೆ ಸಾರು ಕೇಳಿದರೆ ನಮ್ಮಜ್ಜಿ ಸೌಟು ಎತ್ತುತ್ತಿದ್ದಳು. ‘ಲೇ, ನಿನ್ ಸ್ವಂತ ಗಂಟ್ಲು ಎಲ್ಲಿ ಕಳ್ಕಂಡ್ಯಲಾ?’ ಸ್ವಂತ ಗಂಟಲು ಇದೆ. ಅದನ್ನು ಅಣಕಿಸಲು ನಾನೂ ಪ್ರಯತ್ನಪಟ್ಟಿದ್ದೇನೆ. ಹಿಡಿದುಕೊಳ್ಳುವಂಥದ್ದು ಅದರಲ್ಲಿ ಏನೂ ಸಿಗುವುದಿಲ್ಲ.

ನಮ್ಮ ಆಫೀಸು ಹಿಂದೂಪುರದಲ್ಲಿ, ಒಂದು ಹುಣಸೆ ಗೋದಾಮಿನ ಮೇಲಿನ ಎರಡು ಕೋಣೆ. ಮೆಟ್ಟಿಲು ಹತ್ತಿ ಮುಗಿಯುವಷ್ಟರಲ್ಲಿ ಬಾಯಲ್ಲಿ ನೀರೂರುತ್ತದೆ. ಇಂಟರ್‌ವ್ಯೂಗೆ ಬಂದವರು ಉಗುಳು ನುಂಗಿದರೆ ಹೆದರಿ ನುಂಗಿದರೋ ಹುಣಸೆಗೆ ನುಂಗಿದರೋ ಹೇಳಲಾಗುವುದಿಲ್ಲ. ನಾನಂತೂ ಎರಡಕ್ಕೂ ನುಂಗಿದ್ದೆ. ನಾವು ಮಾಡುತ್ತಿದ್ದದ್ದು ಹೆಂಗಸರಿಗೆ ಹೊಲಿಗೆ ಕಲಿಸುವ ಆ್ಯಪ್. ಅಳತೆ ತೆಗೆಯುವುದು, ಗೀಟು ಹಾಕುವುದು, ಕತ್ತರಿಸುವುದು, ರವಿಕೆಗೆ ತೋಳು ಕೂಡಿಸುವುದು, ಎಲ್ಲಕ್ಕೂ ಪುಟ್ಟ ಪುಟ್ಟ ವಿಡಿಯೊ, ತೆಲುಗಿನಲ್ಲೂ ಕನ್ನಡದಲ್ಲೂ. ಜನ ಸೇರಲಿ ಎಂದು ನಾಲ್ಕು ಊರುಗಳಲ್ಲಿ ಒಂದೊಂದು ಕೋಣೆ ಹಿಡಿದು, ಎರಡೆರಡು ಮಿಶಿನ್ ಇಟ್ಟು, ನೋಡಿಕೊಳ್ಳಲು ಅದೇ ಊರಿನ ಒಬ್ಬ ಹೆಂಗಸನ್ನು ನೇಮಿಸಿದ್ದೆವು. ಕಲ್ಯಾಣದುರ್ಗದ ಕೋಣೆ ನೋಡಿಕೊಳ್ಳುತ್ತಿದ್ದವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಮುಖ ಕಂಡಿರಲಿಲ್ಲ. ಫೋನಿನಲ್ಲಿ ಮಾತ್ರ ಪರಿಚಯ.

ನನ್ನ ಕೆಲಸ ಆ್ಯಪ್ ಬಳಸುವವರನ್ನು ನೋಡುವುದು. ಮುಖವನ್ನಲ್ಲ, ಬೆರಳನ್ನು. ಅದಕ್ಕೊಂದು ಅನಲಿಟಿಕ್ಸ್ ಸಾಫ್ಟ್‌ವೇರ್ ಇತ್ತು. ಯಾವ ಫೋನು ಎಷ್ಟು ಹೊತ್ತಿಗೆ ಆ್ಯಪ್ ತೆರೆಯಿತು, ಯಾವ ಬಟನ್ ಒತ್ತಿತು, ಯಾವ ವಿಡಿಯೊದ ಯಾವ ಜಾಗದಲ್ಲಿ ಬೇಸತ್ತು ಎದ್ದು ಹೋಯಿತು, ಎಲ್ಲ ನನ್ನ ಮುಂದೆ ಗೆರೆಗಳಾಗಿ ಏರಿ ಇಳಿಯುತ್ತಿತ್ತು. ಬೇಕೆಂದರೆ ರೀಪ್ಲೇ ಹಾಕಬಹುದು. ಆಗ ಆ ಫೋನಿನ ಪರದೆ ಕಾಣುತ್ತದೆ, ಅದರ ಮೇಲೆ ಒಂದು ಕೆಂಪು ಚುಕ್ಕೆ ಓಡಾಡುತ್ತದೆ. ಚುಕ್ಕೆಯೇ ಬೆರಳು. ಒಂದೇ ಜಾಗವನ್ನು ಪಟಪಟ ಒತ್ತಿದರೆ ಸಾಫ್ಟ್‌ವೇರ್ ತಾನಾಗಿಯೇ ಪಕ್ಕಕ್ಕೆ ಒಂದು ಸಿಟ್ಟಿನ ಮುಖ ಅಂಟಿಸುತ್ತದೆ. ಈ ಯೂಸರ್‌ಗೆ ಕೋಪ ಬಂದಿದೆ, ಬೇಗ ಬಿಟ್ಟು ಹೋಗುತ್ತಾಳೆ ಎಂದು ಅರ್ಥ. ನಮ್ಮ ಹೆಡ್‌ಮಾಸ್ತರರಿಗೂ ಇಷ್ಟು ಬೇಗ ಇನ್ನೊಬ್ಬರ ಮನಸ್ಸು ತಿಳಿಯುತ್ತಿರಲಿಲ್ಲ.

ಕಲ್ಯಾಣದುರ್ಗದ ಲೆಕ್ಕದಲ್ಲಿ ನಮಗೆ ಇದ್ದದ್ದು ಒಬ್ಬಳೇ ಯೂಸರ್. ದಿನಾ ಮಧ್ಯಾಹ್ನ ಊಟದ ಪಾತ್ರೆ ತೊಳೆದಾದ ಹೊತ್ತಿಗೆ ಆ್ಯಪ್ ತೆರೆಯುತ್ತಿದ್ದಳು. ತೋಳು ಕೂಡಿಸುವ ವಿಡಿಯೊ ಹಾಕುವಳು. ಅರ್ಧ ನಿಮಿಷ ಓಡಿಸಿ ನಿಲ್ಲಿಸುವಳು. ಹಿಂದಕ್ಕೆ ಎಳೆಯುವಳು. ಓಡಿಸುವಳು, ನಿಲ್ಲಿಸುವಳು, ಮತ್ತೆ ಹಿಂದಕ್ಕೆ. ಮಧ್ಯೆ ಮಧ್ಯೆ ಪಟಪಟ. ಸಿಟ್ಟಿನ ಮುಖಗಳು ಸಾಲುಗಟ್ಟಿದ್ದವು. ಇವಳಿಗೆ ನಾನು ರಿವೈಂಡಮ್ಮ ಎಂದು ಹೆಸರಿಟ್ಟೆ. ಟೀ ಹೊತ್ತಿಗೆ ಎದ್ದುನಿಂತು, ಕಣ್ಣು ಕಿರಿದು ಮಾಡಿ, ಗಾಳಿಯಲ್ಲಿ ಬೆರಳಿನಿಂದ ಕುಕ್ಕುತ್ತಾ, ‘ಇನ್ನೊಂದ್ ಸಲ ಯೋಳಪ್ಪಾ, ತೋಳು ಎಲ್ಲೈತೆ ಅಂದೆ?’ ಎಂದು ಶುರು ಮಾಡಿದರೆ ಆಫೀಸು ಕುಲುಕುತ್ತಿತ್ತು. ಒಂದು ದಿನ ರೀಪ್ಲೇಯಲ್ಲಿ ಒಂದು ವಿಚಿತ್ರ ಕಂಡಿತು. ಕೆಂಪು ಚುಕ್ಕೆ ಒಮ್ಮೆ ಪರದೆಯ ಎಡ ಅಂಚಿನಿಂದ ಬರುತ್ತದೆ, ಒಮ್ಮೆ ಬಲದಿಂದ, ಒಮ್ಮೆ ಮೇಲಿನಿಂದ. ಒಬ್ಬಳೇ ಹೆಂಗಸು ಫೋನಿನ ಸುತ್ತ ಪ್ರದಕ್ಷಿಣೆ ಹಾಕುತ್ತಾಳೆಯೇ ಎಂದು ಯಾರಾದರೂ ಯೋಚಿಸಬೇಕಿತ್ತು. ಯೋಚಿಸಲೆಂದೇ ನನಗೆ ಸಂಬಳ ಕೊಡುತ್ತಿದ್ದರು. ನಾನು ಎದ್ದುನಿಂತು, ‘ರಿವೈಂಡಮ್ಮನಿಗೆ ನಾಲ್ಕು ಕೈ ಕಣ್ರೋ, ಅಡ್ಡ ಬೀಳಿ’ ಎಂದೆ. ಅಡ್ಡ ಬಿದ್ದರು.

ಯೂಸರ್ ಕಡಿಮೆ ಇರುವ ಕೋಣೆಗಳನ್ನು ಮುಚ್ಚುತ್ತೇವೆ ಎಂದು ಎಲ್ಲ ಕಡೆಗೂ ಮೆಸೇಜು ಹೋಯಿತು. ಮಾರನೇ ದಿನ ಅಕ್ಕನ ಫೋನು.

‘ಊಟ ಆಯ್ತೇನಪ್ಪ?’

‘ಆಯ್ತಕ್ಕ. ನಿಮ್ದು?’

‘ಗಂಟ್ಲಲ್ಲಿ ಇಳೀಲಿಲ್ಲ ಕಣಪ್ಪ. ಒಬ್ಬರೇ ಯೂಸರ್ ಅವ್ರೆ, ರೂಮು ಮುಚ್ತೀವಿ ಅಂತ ಮೆಸೇಜು ಬಂದೈತೆ. ಒಬ್ಬರಲ್ಲಪ್ಪ, ಏಳು ಜನ ಅವ್ರೆ. ಫೋನು ನಂದೊಂದೇ. ಅದನ್ನೇ ಮಧ್ಯದಲ್ಲಿ ಇಟ್ಕಂಡು ಎಲ್ಲಾರೂ ನೋಡ್ತಾರೆ. ಒಬ್ಬಳಿಗೆ ತಿಳಿದ್ರೆ ಇನ್ನೊಬ್ಬಳಿಗೆ ತಿಳಿಯಾಕಿಲ್ಲ, ಅದಕ್ಕೇ ಹಿಂದುಕ್ಕೆ ಹಾಕೋದು.’

ರಿವೈಂಡಮ್ಮ ಎಂದರೆ ಏಳು ಹೆಂಗಸರು ಎಂದು ನನಗೆ ಗೊತ್ತಾದದ್ದು ಆ ಕ್ಷಣ. ಗೊತ್ತಾಗಿಯೂ ನನ್ನ ಕಿವಿ ಹಿಡಿದುಕೊಳ್ಳುತ್ತಿದ್ದದ್ದು ಏನನ್ನು ಗೊತ್ತೆ? ‘ತಿಳಿಯಾಕಿಲ್ಲ’ ಎನ್ನುವಾಗ ಅಕ್ಕ ಉಸಿರು ಎಳೆದುಕೊಂಡ ರೀತಿಯನ್ನು.

‘ಸಾರ್‌ಗೆ ನೀವೇ ಒಂದ್ಸಲ ಫೋನ್ ಮಾಡ್ರಕ್ಕ.’

‘ನನ್ಗೆ ಬಾಯೇ ಬರಾಕಿಲ್ಲಪ್ಪ. ಅಲ್ಲಿ ಇಂಗ್ಲೀಷೋರು ಇರ್ತಾರೆ. ನೀನು ಮಾತುಗಾರ, ನೀನ್ ಯೋಳಿದ್ರೆ ಕೇಳ್ತಾರೆ. ಏಳು ಜನ ಅಂತ ಗಟ್ಟಿಯಾಗಿ ಯೋಳು. ತೆಲುಗ್ನಲ್ಲೂ ಯೋಳು, ಏಡು ಮಂದಿ ಅಂತ. ಒಟ್ನಲ್ಲಿ ಅವ್ರ ಕಿವಿಗೆ ಬೀಳ್ಬೇಕು. ಈ ರೂಮೊಂದು ಹೋದ್ರೆ ಇವ್ರು ಮನೆಯಿಂದ ಈಚೆಗೆ ಬರಾಕೆ ಬೇರೆ ನೆಪ ಇಲ್ಲ ಕಣಪ್ಪ.’

‘ಬಿಡ್ರಕ್ಕ, ನಾನಿದ್ದೀನಲ್ಲ’ ಎಂದೆ.

ಮೀಟಿಂಗು ಸೋಮವಾರ. ಮೇಜಿನ ಆ ಕಡೆ ನಮ್ಮ ಸಾರ್, ಗೋಡೆಯ ಪರದೆಯಲ್ಲಿ ದುಡ್ಡು ಹಾಕಿದ ಬೆಂಗಳೂರಿನವರ ನಾಲ್ಕು ತಲೆ. ಸಾರ್ ಕೆಟ್ಟವರಲ್ಲ. ಬೆಂಗಳೂರಿನವರ ಮುಂದೆ ಅವರೂ ಸ್ವಂತ ದನಿ ಬಿಟ್ಟು ಬೇರೆ ದನಿ ತೆಗೆಯುತ್ತಾರೆ, ಅಷ್ಟೆ. ನನ್ನಷ್ಟು ಚೆನ್ನಾಗಿ ಬರುವುದಿಲ್ಲ. ಚಿಲಮತ್ತೂರಿನ ಕೋಣೆಯ ಗೆರೆ ಏರುತ್ತಿದೆ ಎಂದರು, ಹಿಂದೂಪುರದ್ದೂ ಪರವಾಗಿಲ್ಲ ಎಂದರು. ಹಿಂದೂಪುರದ ಹುಡುಗಿಯರು ಆ್ಯಪ್ ಓಡಲು ಬಿಟ್ಟು ಪಕ್ಕದವಳ ಫೋನಿನಲ್ಲಿ ಸೀರಿಯಲ್ ನೋಡುತ್ತಿದ್ದದ್ದು ನನಗೆ ಗೊತ್ತಿತ್ತು. ಗೆರೆಗೆ ಗೊತ್ತಿರಲಿಲ್ಲ. ಕಲ್ಯಾಣದುರ್ಗದ ಸರದಿ ಬಂದಾಗ ಸಾರ್ ನನ್ನ ಕಡೆ ತಿರುಗಿದರು. ‘ನೀನೇನೋ ಯೋಳ್ಬೇಕು ಅಂದ್ಯಲ್ಲ?’

ನಾನು ಎದ್ದುನಿಂತೆ. ಕುಳಿತೇ ಹೇಳಬಹುದಿತ್ತು. ಸಾರ್, ಅದು ಒಂದು ಫೋನು, ಏಳು ಜನ, ಲೆಕ್ಕ ತಪ್ಪಾಗಿದೆ. ಒಂದೇ ಉಸಿರಿನ ಮಾತು. ಆದರೆ ನಾನು ಎದ್ದುನಿಂತು, ಇಲ್ಲದ ಸೆರಗು ಎಳೆದುಕೊಂಡು, ಕತ್ತು ಓರೆ ಮಾಡಿ, ಅಕ್ಕನ ದನಿ ತೆಗೆದೆ. ‘ಒಬ್ಬರಲ್ಲಪ್ಪಾ... ಏಳು ಜನ ಅವ್ರೆ... ಏಡು ಮಂದೀ...’ ಆ ಉಸಿರು ಎಳೆದುಕೊಳ್ಳುವುದನ್ನೂ ಬಿಡಲಿಲ್ಲ. ಒಂದು ಮಾತು ಬಿಡಲಿಲ್ಲ, ಒಂದು ಸೇರಿಸಲಿಲ್ಲ. ಅಷ್ಟು ನಿಯತ್ತಾಗಿ ಯಾರ ಮಾತನ್ನೂ ನಾನು ತಲುಪಿಸಿಲ್ಲ.

ಪರದೆಯಲ್ಲಿ ಒಬ್ಬಾಕೆ ಕಣ್ಣಿನ ನೀರು ಒರೆಸಿಕೊಂಡಳು. ಸಾರ್, ‘ಲೇ, ಆ ಏಡು ಮಂದಿ ಇನ್ನೊಂದ್ ಸಲ!’ ಎಂದರು. ಇನ್ನೊಂದು ಸಲ ಮಾಡಿದೆ. ಮೂರನೇ ಸಲ ಯಾರೂ ಕೇಳದಿದ್ದರೂ ಮಾಡಿದೆ. ಏಳು ಎಂಬ ಲೆಕ್ಕ ಆ ಕೋಣೆಯಲ್ಲಿ ಅಷ್ಟು ಸಲ ಕೇಳಿಸಿತು. ಯಾರೂ ಬರೆದುಕೊಳ್ಳಲಿಲ್ಲ. ನಗು ಇಳಿದ ಮೇಲೆ ಸಾರ್ ಗಂಟಲು ಸರಿಮಾಡಿಕೊಂಡು, ‘ಸರಿ, ಕಲ್ಯಾಣದುರ್ಗ ಕ್ಲೋಸ್’ ಎಂದರು. ಆಗಲಾದರೂ ‘ಇಲ್ಲ ಸಾರ್, ಅದು ನಿಜವಾದ ಮಾತು’ ಎನ್ನಬಹುದಿತ್ತು. ಆದರೆ ಈಗಷ್ಟೇ ನಗಿಸಿದವನ ಬಾಯಲ್ಲಿ ಅದೂ ಜೋಕಿನ ಬಾಲದಂತೆ ಕೇಳಿಸೀತು. ಹೀಗೆಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ ಆ ಹೊತ್ತಿಗೆ ನನಗೆ ಖುಷಿಯಾಗಿತ್ತು. ಬೆಂಗಳೂರಿನವರು ನನ್ನ ಹೆಸರು ಕೇಳಿದ್ದರು.

‘ಆಯಮ್ಮ ನಿನಗೆ ಪರಿಚಯ ಅಲ್ವೇನ್ಲಾ, ಮಿಶಿನ್ ನೀನೇ ಓಗಿ ತಗಂಬಾ’ ಎಂದು ಸಾರ್ ಒಂದು ಲಗೇಜು ಗಾಡಿ ಮಾಡಿಕೊಟ್ಟರು. ಮಡಕಶಿರ ದಾಟಿ, ಪಾವಗಡದಲ್ಲಿ ಕರ್ನಾಟಕಕ್ಕೆ ಹೊಕ್ಕು, ಮತ್ತೆ ಆಂಧ್ರಕ್ಕೆ ಬಂದು ಬೀಳುವ ದಾರಿ. ಬೋರ್ಡಿನ ಅಕ್ಷರ ಬದಲಾಗುತ್ತದೆ, ಬಿಸಿಲು ಅದೇ. ಡ್ರೈವರು ದಾರಿಯುದ್ದಕ್ಕೂ ಎರಡೂ ಭಾಷೆಯಲ್ಲಿ ರಸ್ತೆಯನ್ನು ಬೈದ. ಬೇರೆ ದಿನವಾಗಿದ್ದರೆ ಪಾವಗಡ ಮುಟ್ಟುವಷ್ಟರಲ್ಲಿ ಅವನ ಬೈಗುಳ ನನ್ನ ಬಾಯಲ್ಲಿರುತ್ತಿತ್ತು.

ತಲುಪಿದ್ದು ಮಧ್ಯಾಹ್ನ, ಸರಿಯಾಗಿ ರಿವೈಂಡಮ್ಮನ ಹೊತ್ತಿಗೆ. ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಚಾಪೆಯ ಮೇಲೆ ಹೆಂಗಸರು ದುಂಡಗೆ ಕೂತಿದ್ದರು. ಮಧ್ಯದಲ್ಲಿ ಒಂದು ಸ್ಟೀಲ್ ಪಾತ್ರೆ. ಸದ್ದು ಜೋರಾಗಲಿ ಎಂದು ಫೋನನ್ನು ಅದರೊಳಗೆ ಓರೆಯಾಗಿ ನಿಲ್ಲಿಸಿದ್ದರು. ವಿಡಿಯೊ ಓಡುತ್ತಿತ್ತು. ‘ಆಪು, ಆಪು’ ಎಂದು ಒಬ್ಬಳು ತೆಲುಗಿನಲ್ಲಿ ಕೂಗಿದಳು. ಬಲಗಡೆಯವಳು ಕೈ ನೀಡಿ ನಿಲ್ಲಿಸಿದಳು. ಎಲ್ಲರೂ ಬಟ್ಟೆಯ ಮೇಲೆ ಗೀಟು ಎಳೆದರು. ‘ನನ್ಗೆ ಆಗ್ಲಿಲ್ಲ ಕಣಮ್ಮ, ಹಿಂದುಕ್ಕೆ ಹಾಕು’ ಎಂದು ಎಡಗಡೆಯ ವಯಸ್ಸಾದ ಹೆಂಗಸು ತಾನೇ ಬಗ್ಗಿ ಪರದೆಯನ್ನು ಒತ್ತಿದಳು. ಬೆರಳಿಗೆಲ್ಲ ಗೀಟು ಹಾಕುವ ಚಾಕಿನ ಪುಡಿ ಮೆತ್ತಿತ್ತು. ಪರದೆ ಬೆರಳನ್ನು ಗುರುತಿಸಲಿಲ್ಲ. ಮತ್ತೆ ಒತ್ತಿದಳು. ಪಟಪಟ, ಪಟಪಟ. ‘ನಿನ್ ಬೆಳ್ಳು ಸತ್ತೋಗೈತೆ ಅತ್ತೆ’ ಎಂದು ಪಕ್ಕದವಳು ಅಂದಳು. ಅತ್ತೆ ನಕ್ಕು ಬೆರಳನ್ನು ಅವಳ ಸೀರೆಗೇ ಒರೆಸಿದಳು. ಹಿಂದೂಪುರದಲ್ಲಿ ನಾನು ಕುಳಿತು ಎಣಿಸುತ್ತಿದ್ದ ಸಿಟ್ಟಿನ ಮುಖಗಳು ಇವು.

ನಾನು ಬಾಗಿಲಲ್ಲೇ ನಿಂತು ತಲೆ ಎಣಿಸಿದೆ. ಏಳು. ಅಕ್ಕನನ್ನು ಸೇರಿಸಿದರೆ ಎಂಟು.

ಅಕ್ಕ ಎದ್ದು ಬಂದರು. ದನಿಯ ಮೇಲೆ ಸಣಕಲು ಜೀವ ಎಂದುಕೊಂಡಿದ್ದೆ. ಬಾಗಿಲು ತುಂಬುವಷ್ಟು ಆಳು. ಗಾಡಿಯನ್ನು ನೋಡಿದರು, ನನ್ನನ್ನು ನೋಡಿದರು. ‘ಬಾಪ್ಪ, ಒಳಿಕೆ ಬಾ. ಕುತ್ಕಾ. ನೀರು ಕುಡೀತೀಯ?’ ಎಂದರು. ಅಷ್ಟರಲ್ಲಿ ಮೂಲೆಯಲ್ಲಿದ್ದ ಒಬ್ಬ ಚೂಟಿ ಹೆಂಗಸು, ‘ಅಕ್ಕನ ತರ ಮಾತಾಡ್ತಾರಂತಲ್ಲ, ಇವ್ರೇನಾ ಅಣ್ಣ? ಹಿಂದೂಪುರದೋರು ಯೋಳಿದ್ರು. ಒಂದ್ ಸಲ ಮಾಡಣ್ಣ, ನಾವೂ ಕೇಳಾನ’ ಎಂದಳು. ಕೊಂಕೇನೂ ಇರಲಿಲ್ಲ ಆ ಮಾತಿನಲ್ಲಿ. ನಿಜವಾಗಿಯೂ ಕೇಳುವ ಆಸೆ. ಎಲ್ಲರೂ ನನ್ನ ಬಾಯಿ ನೋಡಿದರು, ಅಕ್ಕನೂ. ನಾನು ಬಾಯಿ ತೆರೆದೆ. ಹೊರಬಂದದ್ದು ಹೆಡ್‌ಮಾಸ್ತರರ ಕೆಮ್ಮು.

ಡ್ರೈವರು ಒಂದು ಮಿಶಿನನ್ನು ಹೊತ್ತು ಗಾಡಿಗೆ ಹಾಕಿದ. ಇನ್ನೊಂದರ ಮುಂದೆ ಅಷ್ಟು ಹೊತ್ತಿಗೆ ಅತ್ತೆ ಕೂತು ತೋಳು ಕೂಡಿಸುತ್ತಿದ್ದಳು. ‘ವಸಿ ತಡ್ಕಳಪ್ಪ, ಈ ತೋಳೊಂದು ಮುಗೀಲಿ’ ಎಂದಳು. ತಡೆದುಕೊಂಡೆವು. ಅವಳು ಅವಸರ ಪಡಲಿಲ್ಲ. ಒಂದು ಕಡೆ ಬಟ್ಟೆ ಸುಕ್ಕು ಬಂತು, ಬಿಚ್ಚಿದಳು, ಮತ್ತೆ ಹೊಲಿದಳು. ಇನ್ನೊಂದು ತೋಳು ಗುಂಡುಸೂಜಿ ಚುಚ್ಚಿಕೊಂಡು ಅವಳ ತೊಡೆಯ ಮೇಲೆ ಬಿದ್ದಿತ್ತು. ಅದನ್ನೂ ಮುಗಿಸು ಎಂದು ಹೇಳುವ ಧೈರ್ಯ ನನಗಿರಲಿಲ್ಲ. ದಾರ ಹರಿದುಕೊಂಡು, ಒಂದೇ ತೋಳಿನ ರವಿಕೆಯನ್ನು ಮಡಿಸಿ ಚೀಲಕ್ಕೆ ಹಾಕಿ ಎದ್ದಳು. ಡ್ರೈವರು ಮಿಶಿನ್ ಎತ್ತಿದ. ಅದಿದ್ದ ಜಾಗದಲ್ಲಿ ಬಣ್ಣಬಣ್ಣದ ದಾರದ ಚೂರುಗಳು ಉಳಿದವು. ಯಾರೋ ಪೊರಕೆ ತಂದು ಗುಡಿಸತೊಡಗಿದರು.

ಅಲ್ಲಿಂದ ಸುಮ್ಮನೆ ಗಾಡಿ ಹತ್ತಬೇಕಿತ್ತು. ಆದರೆ ಸುಮ್ಮನಿರುವುದು ನನಗೆ ಯಾವ ಕಾಲಕ್ಕೂ ಬಂದದ್ದಲ್ಲ. ನಾನು ಬಾಗಿಲ ಹತ್ತಿರ ಅಕ್ಕನಿಗೆ, ಮೊದಲ ಸಲ ಸ್ವಂತ ದನಿಯಲ್ಲಿ, ಬುದ್ಧಿ ಹೇಳಿದೆ.

‘ಅಕ್ಕ, ಇನ್ನೂ ಒಂದು ದಾರಿ ಐತೆ. ಇವ್ರ ಮನೇಲಿ ಗಂಡಂದೋ ಮಕ್ಕಳ್ದೋ ಫೋನು ಇರ್ತದಲ್ಲ, ಏಳು ಜನದ್ರಲ್ಲೂ ಆ್ಯಪ್ ಹಾಕ್ಸಿ. ನೋಡ್ದಿದ್ರೂ ಪರ್ವಾಗಿಲ್ಲ, ದಿನಾ ಒಂದ್ ಹತ್ತು ನಿಮಿಷ ತೆರೆದಿಟ್ರೆ ಸಾಕು. ಗೆರೆ ಏರ್ತದೆ. ಆ ಗೆರೆ ತೋರ್ಸಿ ನಾನು ಸಾರ್ ಹತ್ರ ಮಾತಾಡ್ತೀನಿ.’

ಒಳಗೆ ಗುಡಿಸುತ್ತಿದ್ದ ಪೊರಕೆ ನಿಂತಿತು. ಅಕ್ಕ ಯಾವ ಸಿಟ್ಟೂ ಇಲ್ಲದೆ, ಉಸಿರು ಎಳೆದುಕೊಳ್ಳದೆ, ಫೋನಿನಲ್ಲಿ ನಾನು ಎಂದೂ ಕೇಳಿರದ ದನಿಯಲ್ಲಿ ಅಂದರು:

‘ಕಣ್ಣಾರೆ ನೋಡಿದ್ಯಲ್ಲಪ್ಪ, ಬಾಗ್ಲಲ್ಲಿ ನಿಂತ್ಕಂಡು ಎಣಿಸಿದ್ಯಲ್ಲ. ನಾವು ಇದ್ದೀವಿ ಅಂತ ಇನ್ನೂ ಫೋನೇ ಬಂದು ಯೋಳ್ಬೇಕಾ ನಿನಗೆ?’