ಫೋನಿನಲ್ಲಿ ಕಂಡ ಅಡ್ಯಾರ್

ಹೋಟೆಲಿನ ಯಜಮಾನರ ಎಡಗೈಯ ಹಿಂಬದಿಯಲ್ಲಿ, ಹೆಬ್ಬೆರಳಿನ ಬುಡದ ಹತ್ತಿರ, ಚರ್ಮ ಸುಟ್ಟು ಸುಟ್ಟು ನುಣ್ಣಗಾಗಿತ್ತು. ಕುದಿಯುವ ಸಾಂಬಾರನ್ನು ಸೌಟಿನಿಂದ ಅಲ್ಲಿಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿ ನೋಡುವುದು ಅವರ ಅಭ್ಯಾಸ. ನಾನು ನರ್ಸ್ ಆಗಿದ್ದವಳು. "ಚಮಚ ಯಾಕೆ ಇಟ್ಟಿದೀರ್ರೀ ಯಜಮಾನ್ರೇ?" ಎಂದು ಗದರಿದರೆ, "ಚಮಚಕ್ಕೆ ರುಚಿ ಗೊತ್ತುಂಟಾ ಮೇಡಂ?" ಎಂದು ನಗುತ್ತಿದ್ದರು.

ಈ ತಮಿಳು ಊರಿನಲ್ಲಿ, ಅಡ್ಯಾರಿನ ನಮ್ಮ ಮನೆಯ ತಿರುವಿನಲ್ಲೇ ಅವರ ಹೋಟೆಲು. ಅವರದು ಉಡುಪಿ ಕಡೆ, ನನ್ನದು ದಾವಣಗೆರೆ. ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ನಿವೃತ್ತಳಾದ ಮೇಲೂ ನನ್ನ ದಿನಚರಿ ಬದಲಾಗಲಿಲ್ಲ. ಬೆಳಗಿನ ನಡಿಗೆ ಮುಗಿದ ತಕ್ಷಣ ಅವರಲ್ಲಿ ಕಾಫಿ. ನನ್ನ ಗಂಡ ತೀರಿಕೊಂಡಾಗ ಮಾತ್ರ ಅದು ತಪ್ಪಿತು. ಆಗ ಅವರೇ ಫ್ಲಾಸ್ಕ್ ಹಿಡಿದುಕೊಂಡು ಮನೆಗೆ ಬಂದರು. "ನೀವು ಬಾರದಿದ್ರೆ ನಮ್ಮ ಗಡಿಯಾರ ಕೆಡ್ತದೆ, ನಾಳೆ ಬನ್ನಿ" ಎಂದು ಹೇಳಿ, ಕೂರದೆ ಹೋದರು. ಮರುದಿನ ಎದ್ದು ಹೋದೆ. ಆ ಋಣ ನನ್ನ ಮೇಲೆ ಹಾಗೇ ಉಳಿದಿದೆ.

ಯಾವುದನ್ನೂ ಸುಲಭವಾಗಿ ನಂಬುವವರಲ್ಲ. ಬೇಳೆಯ ಮೂಟೆ ಬಂದರೆ ಅದನ್ನು ಮಗುಚಿಸಿ, ತಳದ ಹೊಲಿಗೆ ಬಿಚ್ಚಿಸಿ ಕಾಳು ನೋಡುತ್ತಿದ್ದರು. ಸುದ್ದಿಗೂ ಅದೇ ಪರೀಕ್ಷೆ. ಯಾರಾದರೂ ಸರ್ಕಾರ ಬೀಳುತ್ತಂತೆ ಎಂದರೆ, "ನೀವು ಕಂಡದ್ದಾ, ಕೇಳಿದ್ದಾ? ಕೇಳಿದ್ದಾದ್ರೆ ಮೊದಲು ವಡೆ ತಿನ್ನಿ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಅಂಥವರಿಗೆ ಒಬ್ಬ ರಾಜಕೀಯ ವಿಶ್ಲೇಷಕನ ಹುಚ್ಚು ಹಿಡಿಯಿತು. ಬೆಂಗಳೂರಿನಲ್ಲಿ ಕುಳಿತು, ಹೆಗಲಿಗೆ ಶಾಲು ಹೊದ್ದು, ದಿನವೂ ಫೋನಿನ ವಿಡಿಯೊದಲ್ಲಿ ಮಾತನಾಡುವ ಮನುಷ್ಯ. "ಬೇರೆಯವರು ಹೇಳ್ಲಿಕ್ಕೆ ಹೆದರುವುದನ್ನು ನಾನು ಹೇಳ್ತೇನೆ" ಎಂದೇ ಅವನ ಆರಂಭ. ಮಾತು ಅಚ್ಚ ಕರಾವಳಿಯದು. ಯಜಮಾನರ ಹೆಂಡತಿ ತೀರಿಕೊಂಡಿದ್ದರು. ಮೊಮ್ಮಕ್ಕಳು ಕನ್ನಡ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದರು. "ನಮ್ಮ ಅಪ್ಪಯ್ಯ ಮಾತಾಡಿದ ಹಾಗೆ ಆಗ್ತದೆ ಮೇಡಂ, ಕೇಳ್ತಾ ಇದ್ರೆ ಹೊಟ್ಟೆ ತುಂಬ್ತದೆ" ಎನ್ನುತ್ತಿದ್ದರು. ಮೂಟೆಯ ತಳ ನೋಡುವವರು ಆ ದನಿಯ ತಳ ನೋಡಲು ಹೋಗಲಿಲ್ಲ.

ಅವರ ಕ್ಯಾಶಿಯರ್ ತಮಿಳರು. ಹುಡುಗರಾಗಿದ್ದಾಗ ಇಬ್ಬರೂ ಒಂದೇ ಹೋಟೆಲಿನಲ್ಲಿ ಲೋಟ ತೊಳೆದವರು. ಆ ಸಹವಾಸದಲ್ಲಿ ಕ್ಯಾಶಿಯರ್ ಉಡುಪಿಯ ಕನ್ನಡವನ್ನೇ ಕಲಿತಿದ್ದರು. ಮಾಲೀಕರನ್ನು ಮಾತ್ರ ತಮಿಳಿನವರಂತೆ "ಮೊದಲಾಳಿ" ಎಂದೇ ಕರೆಯುತ್ತಿದ್ದರು. ಹೋಟೆಲಿನ ಬೀಗದ ಕೈ ಇರುತ್ತಿದ್ದುದು ಅವರ ಸೊಂಟದಲ್ಲಿ. ಪೆರುಂಗುಡಿಯ ಮನೆಯಿಂದ ಮೊದಲ ಬಸ್ಸಿಗೆ ಬಂದು ಬಾಗಿಲು ತೆಗೆಯುತ್ತಿದ್ದವರು ಅವರೇ.

ಕಾವೇರಿ ನೀರಿನ ಜಗಳ ಮತ್ತೊಮ್ಮೆ ಬಿಸಿಯಾಗಿದ್ದ ಸಮಯ. ಒಂದು ಬೆಳಿಗ್ಗೆ ನಾನು ಕಾಫಿಗೆ ಹೋದಾಗ ಶಟರ್ ಅರ್ಧ ಇಳಿದಿತ್ತು. ಬೋರ್ಡಿನ ಕನ್ನಡ ಅಕ್ಷರಗಳ ಮೇಲೆ ಗೋಣಿಚೀಲ ಕಟ್ಟಿದ್ದರು. ಬಗ್ಗಿ ಒಳಗೆ ಹೋದೆ. ಯಜಮಾನರು ಫೋನ್ ಹಿಡಿದು ಕೂತಿದ್ದರು. ಜ್ವರ ಬಂದವರ ಕಣ್ಣು.

"ಏನಾಯ್ತ್ರೀ?"

"ಅಡ್ಯಾರಲ್ಲಿ ನಮ್ಮವರ ಹೋಟೆಲಿಗೆ ಕಲ್ಲು ಬೀಳ್ತಾ ಉಂಟಂತೆ ಮೇಡಂ. ಒಳಗಿನ ಕೆಲಸದವರೇ ಇದು ಕನ್ನಡದವರದ್ದು ಅಂತ ಗುರುತು ಹೇಳಿ ಕೊಡುವುದಂತೆ."

"ಯಾರು ಹೇಳಿದ್ದು?"

"ಅವರೇ ಹೇಳಿದ್ದಾರೆ."

"ಅವರಿರೋದು ಎಲ್ಲಿ?"

"ಬೆಂಗಳೂರಲ್ಲಿ."

"ನೀವಿರೋದು ಅಡ್ಯಾರಲ್ಲಿ ಕಣ್ರೀ! ಹೊರಗೆ ಬಂದು ನೋಡಿ."

ಹೊರಗೆ ಶಾಲೆಯ ವ್ಯಾನು ಹೋಯಿತು. ಹೂವಿನವಳು ಲೋಟ ಹಿಡಿದು ಕಾಫಿಗೆ ಕಾಯುತ್ತಿದ್ದಳು. ಅವರು ಶಟರಿನ ಕೆಳಗಿಂದ ನೋಡಿದರು. "ಇಷ್ಟು ಸುಮ್ಮನಿರುವುದೇ ನನಗೆ ಸಂಶಯ" ಎಂದರು.

ಕ್ಯಾಶಿಯರ್ ಗಲ್ಲಾಪೆಟ್ಟಿಗೆಯ ಹಿಂದೆ ಊದುಬತ್ತಿ ಹಚ್ಚುತ್ತಿದ್ದರು. ಯಜಮಾನರು ಎಲ್ಲ ಕೆಲಸದವರ ಮುಂದೆ ಕೈ ಚಾಚಿದರು. "ಬೀಗದ ಕೈ ಕೊಡು."

"ಏನು ಮೊದಲಾಳಿ, ಬೆಳಿಗ್ಗೆ ಬೆಳಿಗ್ಗೆ ತಮಾಷೆಯಾ?" ಎಂದು ನಕ್ಕರು ಕ್ಯಾಶಿಯರ್. ಚಾಚಿದ ಕೈ ಹಾಗೆಯೇ ಇತ್ತು. ನಗು ನಿಂತಿತು. ಸೊಂಟದಿಂದ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟರು. "ಆ ಫೋನಿನವರು ನನ್ನ ಮುಖ ಕಂಡವರಲ್ಲ. ನೀವು ಕಂಡಿದ್ದೀರಿ" ಎಂದು ಹೇಳಿ, ಬಗ್ಗಿ ಹೊರಗೆ ಹೋದರು.

ನಮ್ಮ ಬೀದಿಯಲ್ಲಿ ಒಂದು ಕಲ್ಲೂ ಬೀಳಲಿಲ್ಲ. ಗೋಣಿಚೀಲ ಬಿಚ್ಚಿದ್ದಾಯಿತು. ಯಜಮಾನರು ಮಾತ್ರ ಕಾದರು. "ಅವರು ಹೇಳ್ತಾರೆ ಮೇಡಂ. ತಪ್ಪಾದ್ರೆ ತಪ್ಪಾಯ್ತು ಅಂತ ಹೇಳುವ ಮನುಷ್ಯ." ಆ ಮನುಷ್ಯ ಅಷ್ಟರಲ್ಲಿ ಯಾವುದೋ ಚುನಾವಣೆಯ ಮಾತಿಗೆ ಹೋಗಿದ್ದ. ಅಡ್ಯಾರ್ ಎಂಬ ಹೆಸರು ಅವನ ಬಾಯಲ್ಲಿ ಮತ್ತೆ ಬರಲಿಲ್ಲ.

ಕ್ಯಾಶಿಯರ್ ಪೆರುಂಗುಡಿಯಲ್ಲೇ ಒಂದು ಆಫೀಸಿನ ಕ್ಯಾಂಟೀನಿಗೆ ಸೇರಿದರು. ನಾನೇ ಹಟ ಹಿಡಿದು ಯಜಮಾನರನ್ನು ಅವರ ಮನೆಗೆ ಕರೆದುಕೊಂಡು ಹೋದೆ. ಕಾಫಿ ಬಂತು. ಮಂಡಿ ನೋವು, ತೆಂಗಿನಕಾಯಿ ರೇಟು, ಮಗಳ ಬಾಣಂತನ, ಎಲ್ಲವೂ ಮಾತಾಯಿತು. ಆಡಬೇಕಾಗಿದ್ದ ಮಾತೊಂದನ್ನು ಯಾರೂ ಆಡಲಿಲ್ಲ. ವಾಪಸು ಬರುವಾಗ ಆಟೋದಲ್ಲಿ ರೇಗಿದೆ. "ತಪ್ಪಾಯ್ತು, ಬಾ ಅಂತ ಒಂದು ಮಾತು ಅನ್ನೋಕ್ಕೆ ಏನ್ರೀ ಕಷ್ಟ?"

ಅವರು ರಸ್ತೆಯ ಕಡೆ ತಿರುಗಿದರು. "ಅವನು ಹಾಗೆ ಮಾಡುವವನಲ್ಲ ಅಂತ ನನಗೆ ಗೊತ್ತುಂಟು. ಆದ್ರೂ ಒಂದು ಮೂಲೆಯಲ್ಲಿ, ಮಾಡಿರಬಹುದಾ ಅಂತ ಕೇಳ್ತಾ ಇರ್ತದೆ. ಅದನ್ನು ಇಟ್ಟುಕೊಂಡು ಹೇಗೆ ಬಾ ಅನ್ನಲಿ ಮಾರಾಯ್ರೆ?"

ಆಮೇಲೆ ಅವರು ಯಾರನ್ನೂ ನಂಬದವರಾದರು. ವಿಶ್ಲೇಷಕನನ್ನು ಬಿಟ್ಟರು, ಜೊತೆಗೆ ಪೇಪರನ್ನೂ ನಿಲ್ಲಿಸಿದರು. ಕಾಲು ಬಾತದ್ದನ್ನು ಕಂಡು ರಕ್ತ ಪರೀಕ್ಷೆ ಮಾಡಿಸಿ ಎಂದರೆ, "ಅದು ಲ್ಯಾಬಿನವರ ಲಾಭಕ್ಕೆ" ಎಂದರು. ಡಾಕ್ಟರ ಮಾತು ಬೇಡ, ನನ್ನ ಮಾತು ಕೇಳಿ ಎಂದೆ. "ನಿಮಗೂ ಯಾರೋ ಹೇಳಿರ್ತಾರೆ ಮೇಡಂ" ಎಂದರು. ಇದನ್ನು ನಗುತ್ತಾ ಹೇಳಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಕೊನೆಗೆ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಕಿಡ್ನಿ ಕೈಕೊಟ್ಟಿತ್ತು.

ಯಜಮಾನರು ತೀರಿಕೊಂಡ ದಿನ ಕ್ಯಾಶಿಯರ್ ಅವರ ಮನೆಗೆ ಬಂದರು. ಚಪ್ಪಲಿ ಬಿಟ್ಟು, ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತರು. ಒಳಗೆ ಸಂಸ್ಕಾರದ ಕೆಲಸಗಳು ನಡೆಯುತ್ತಿದ್ದವು.

"ಮೇಡಂ, ನೀವು ಸುಳ್ಳು ಹೇಳುವವರಲ್ಲ. ಮೊದಲಾಳಿ ಕಡೆಗಾದ್ರೂ ನಂಬಿದ್ರಾ, ನಾನು ಯಾರಿಗೂ ಗುರುತು ಹೇಳಿಲ್ಲ ಅಂತ?"

ವಾರ್ಡಿನ ಬಾಗಿಲಲ್ಲಿ ನಿಂತು ಎಷ್ಟೋ ಮನೆಯವರಿಗೆ ಕೆಟ್ಟ ಸುದ್ದಿ ಹೇಳಿದ್ದೇನೆ. ಅದಕ್ಕೊಂದು ಕ್ರಮವಿರುತ್ತದೆ. ಇದಕ್ಕೆ ಯಾವ ಕ್ರಮವೂ ಇರಲಿಲ್ಲ. ನಂಬಿದರು ಎಂದುಬಿಡಬಹುದಾಗಿತ್ತು.

"ನಂಬಬೇಕು ಅಂತ ತುಂಬಾ ಪ್ರಯತ್ನಪಟ್ರು" ಎಂದೆ.

ಒಳಗಿನಿಂದ ಯಜಮಾನರ ಮಗ ಬಂದು, ಕೆಳಗೆ ವ್ಯಾನಿನವರೆಗೆ ಹೆಗಲು ಕೊಡಲು ಒಬ್ಬರು ಕಡಿಮೆ ಇದ್ದಾರೆ ಎಂದ. ಕ್ಯಾಶಿಯರ್ ಎದ್ದು, ಟವೆಲನ್ನು ಸೊಂಟಕ್ಕೆ ಬಿಗಿದುಕೊಂಡು ಒಳಗೆ ಹೋದರು.